ಗಾಯದ ಬಾಯಿ ಸಣ್ಣದಿತ್ತು: ಮಾರ್ಕೆಟ್ ಯಾರ್ಡಿನಿಂದ ಬಂದ ಒಂದು ಕಾಲಿನ ಪ್ರಕರಣ

‘ಗಾಯ 4 ಸೆಂ.ಮೀ. ತೊಳೆದು 5 ಹೊಲಿಗೆ ಹಾಕಿದೆ. ಟಿಟಿ ಕೊಟ್ಟಿದೆ. ಎಲುಬಿನ ಚಿಕಿತ್ಸೆಗೆ ಕಳಿಸಿದೆ.’

ಜುಲೈ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಈ ಚೀಟಿ ಮತ್ತು ಒಂದು ಎಕ್ಸ್‌ರೇ ಜೊತೆಗೆ ಇಂಡಿ ತಾಲ್ಲೂಕಿನ 29 ವರ್ಷದ ಹುಡುಗನೊಬ್ಬ ಪುಣೆಯ ನಮ್ಮ ಕ್ಯಾಜುವಲ್ಟಿಗೆ ಬಂದ. ಲಿಂಬೆಹಣ್ಣಿನ ಗಾಡಿಯ ಜೊತೆ ಬರುವ ಹಮಾಲ. ರಾತ್ರಿಯೆಲ್ಲ ಸೊಲ್ಲಾಪುರದ ಹಾದಿಯಲ್ಲಿ ಓಡಿ ನಸುಕಿನಲ್ಲಿ ಗುಲ್ಟೆಕಡಿಯ ಮಾರ್ಕೆಟ್ ಯಾರ್ಡ್ ಮುಟ್ಟುವ ಗಾಡಿ ಅದು. ಬೆಳಗಿನ ಐದಕ್ಕೆ, ಜಿಟಿಜಿಟಿ ಮಳೆಯಲ್ಲಿ, ಹಿಂದಕ್ಕೆ ಸರಿಯುತ್ತಿದ್ದ ಇನ್ನೊಂದು ಪಿಕಪ್ಪಿನ ಬಂಪರಿಗೂ ಅಡತಿ ಅಂಗಡಿಯ ಕಟ್ಟೆಗೂ ನಡುವೆ ಅವನ ಎಡಗಾಲು ಸಿಕ್ಕಿತು. ಚೀಲಗಳ ಹೊರೆಯಿದ್ದ ಗಾಡಿ. ಡ್ರೈವರಿಗೆ ಕೂಗು ಕೇಳಿಸುವಷ್ಟರಲ್ಲಿ ಕಾಲು ಒಂದೆರಡು ಸೆಕೆಂಡು ಅಲ್ಲೇ ಅರೆದು ಹೋಗಿತ್ತು.

ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಹತ್ತುವ ಸಂಗತಿಗಳನ್ನು ಬದಲಿಸಿದ್ದೇನೆ, ಕಾಲಿನ ಸಂಗತಿಗಳನ್ನಲ್ಲ.

ಮಳೆಗಾಲದ ಮಾರ್ಕೆಟ್ ಯಾರ್ಡ್ ನೋಡಿದವರಿಗೆ ಅಲ್ಲಿನ ನೆಲ ಹೇಗಿರುತ್ತದೆಂದು ಹೇಳಬೇಕಿಲ್ಲ. ಕೊಳೆತ ಕೋಸಿನ ಎಲೆ, ಈರುಳ್ಳಿ ಸಿಪ್ಪೆ, ದನದ ಸಗಣಿ, ಟೈರಿನ ಎಣ್ಣೆ ಎಲ್ಲ ಸೇರಿ ಪಾದ ಮುಳುಗುವ ರಾಡಿ. ಹುಡುಗ ಬಿದ್ದದ್ದು ಅದರಲ್ಲೇ. ಜೊತೆಗಾರರು ಓಡಿಹೋಗಿ ಭುಸಾರ್ ಬಾಜಾರಿನ ಅಂಗಡಿಯಿಂದ ಹಿಡಿಗಟ್ಟಲೆ ಅರಿಶಿನ ತಂದು ಗಾಯದೊಳಗೆ ತುಂಬಿ, ಟವೆಲ್ ಸುತ್ತಿದರು. ಪಕ್ಕದ ನರ್ಸಿಂಗ್ ಹೋಮಿನಲ್ಲಿ ಹೊಲಿಗೆ ಬಿತ್ತು. ಅಲ್ಲಿಂದ ಮುಂದೆ ಯಾವ ಆಸ್ಪತ್ರೆ, ಯಾರ ದುಡ್ಡು ಎಂಬ ಮಾತಿನಲ್ಲಿ ಮೂರು ತಾಸು ಕಳೆದು, ಕೊನೆಗೆ ಅಡತಿಯವರ ವ್ಯಾನಿನಲ್ಲಿ ನಮ್ಮಲ್ಲಿಗೆ.

ನಮ್ಮ ಜೂನಿಯರ್ ಡಾಕ್ಟರು ಮೊದಲು ಎತ್ತಿಕೊಂಡದ್ದು ಎಕ್ಸ್‌ರೇ. ಎಲ್ಲರೂ ಅದನ್ನೇ ಎತ್ತಿಕೊಳ್ಳುವುದು. ಟಿಬಿಯಾ, ಅಂದರೆ ಕಣಕಾಲಿನ ದಪ್ಪ ಎಲುಬು, ನಡುಮಧ್ಯದಲ್ಲಿ ನಾಲ್ಕೈದು ಚೂರಾಗಿತ್ತು. ಪಕ್ಕದ ಸಣ್ಣೆಲುಬೂ ಮುರಿದಿತ್ತು. ‘ಟೈಪ್ ಟೂ ಸರ್, ಗಾಯ ನಾಲ್ಕೇ ಸೆಂಟಿಮೀಟರ್, ನಾಳೆ ರಾಡ್ ಹಾಕಬಹುದು’ ಎಂದರು.

ಈ ‘ಟೈಪ್’ ಬಂದದ್ದು ಗಸ್ಟಿಲೊ ಮತ್ತು ಆಂಡರ್ಸನ್ 1976ರಲ್ಲಿ ಮಿನ್ನಿಯಾಪೊಲಿಸ್‌ನ 1025 ತೆರೆದ ಮುರಿತಗಳ, ಅಂದರೆ ಚರ್ಮ ಹರಿದು ಗಾಯವೂ ಆದ ಮುರಿತಗಳ, ಅನುಭವದಿಂದ ಬರೆದ ಲೇಖನದಿಂದ. ಒಂದು ಸೆಂಟಿಮೀಟರಿಗಿಂತ ಸಣ್ಣ, ಚೊಕ್ಕ ಗಾಯ ಒಂದನೆಯದು. ಅದಕ್ಕಿಂತ ದೊಡ್ಡದು, ಆದರೆ ಮಾಂಸ ಹೆಚ್ಚು ಕೆಟ್ಟಿಲ್ಲ ಎಂದರೆ ಎರಡನೆಯದು. ಮಾಂಸ, ಚರ್ಮ ವಿಪರೀತ ಜಜ್ಜಿದ್ದರೆ ಮೂರನೆಯದು. ಮೂರನೆಯದರಲ್ಲೇ ತೀರ ಬೇರೆಬೇರೆ ಬಗೆಯ ಕಾಲುಗಳು ಸೇರಿಹೋಗುತ್ತಿದ್ದವೆಂದು 1984ರಲ್ಲಿ ಅದನ್ನು ಎ, ಬಿ, ಸಿ ಎಂದು ಒಡೆದರು. ಸೆಂಟಿಮೀಟರ್ ಲೆಕ್ಕ ನೆನಪಿಡಲು ಸುಲಭ, ಅದಕ್ಕೇ ಪರೀಕ್ಷೆಯಲ್ಲಿ ಎಲ್ಲರೂ ಅದನ್ನೇ ಒಪ್ಪಿಸುತ್ತಾರೆ. ಎಷ್ಟು ಬಲ ಬಿದ್ದಿದೆ, ಯಾವ ರಾಡಿಯಲ್ಲಿ ಬಿದ್ದಿದೆ ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ಬಂಪರಿಗೂ ಕಟ್ಟೆಗೂ ನಡುವೆ ಸಿಕ್ಕ ಕಾಲು ಎಂದು ಕೇಳಿದ ಮೇಲೂ ಟೈಪ್ ಟೂ ಎನ್ನಲು ನನಗೆ ಧೈರ್ಯ ಸಾಲಲಿಲ್ಲ. ನಿಜವಾದ ಟೈಪ್ ಗೊತ್ತಾಗುವುದು ಆಪರೇಶನ್ ಟೇಬಲ್ಲಿನ ಮೇಲೆ, ಕೊಳಕೆಲ್ಲ ತೆಗೆದ ಮೇಲೆ.

ಹೊಲಿಗೆಯ ಸುತ್ತಲಿನ ಚರ್ಮ ಬಿಗಿದು ಹೊಳೆಯುತ್ತಿತ್ತು. ಬೆರಳಿಟ್ಟು ಸ್ವಲ್ಪ ಸರಿಸಿದರೆ ಚರ್ಮ ಕೆಳಗಿನ ಮಾಂಸಕ್ಕೆ ಅಂಟಿಕೊಂಡಿಲ್ಲದಂತೆ ಜಾರುತ್ತಿತ್ತು. ಒಳಗೆ ಕಳಚಿಕೊಂಡಿದೆ ಎನ್ನುವುದಕ್ಕೆ ಅದೇ ಸಾಕ್ಷಿ. ಐದೂ ಹೊಲಿಗೆ ಕತ್ತರಿಸಿದೆವು. ಅರಿಶಿನ ಕದಡಿದ ಕೆಂಪು ನೀರು ಹೊರಗೆ ಬಂತು, ಜೊತೆಗೆ ಒಂದು ಈರುಳ್ಳಿ ಸಿಪ್ಪೆ. ಪಾದದ ನಾಡಿ ಸಿಗುತ್ತಿತ್ತು, ಬೆರಳು ಬೆಚ್ಚಗಿದ್ದವು, ಅಂಗಾಲಿಗೆ ಸ್ಪರ್ಶ ತಿಳಿಯುತ್ತಿತ್ತು. ಬೆರಳುಗಳನ್ನು ನಾವೇ ಎತ್ತಿ ಇಳಿಸಿದಾಗ ತಡೆಯಲಾರದ ನೋವಿರಲಿಲ್ಲ. ಆ ನೋವು ಮಾಂಸದೊಳಗೆ ಒತ್ತಡ ಏರಿದ್ದರ ಗುರುತು, ಇದನ್ನು ನೋಡಲೇಬೇಕು. ಗಾಯ ಬಾಯಿ ತೆರೆದಿದ್ದರೆ ಒಳಗಿನ ಒತ್ತಡ ತಾನಾಗಿ ಇಳಿಯುತ್ತದೆ ಎಂದು ನಂಬಿ ಕಾಲು ಕಳೆದುಕೊಂಡವರಿದ್ದಾರೆ. ಕಣಕಾಲಿನ ಮಾಂಸ ನಾಲ್ಕು ಬೇರೆಬೇರೆ ಕೋಣೆಗಳಲ್ಲಿರುತ್ತದೆ. ಒಂದರ ಗೋಡೆ ಹರಿದರೆ ಉಳಿದ ಮೂರರ ಬಾಗಿಲು ತೆರೆಯುವುದಿಲ್ಲ.

ಗಡಿಯಾರ ನೋಡಿದರೆ ಪೆಟ್ಟಾಗಿ ಆರು ತಾಸು. ಒಂದು ಡೋಸ್ ಆಂಟಿಬಯಾಟಿಕ್ ಬಿದ್ದಿರಲಿಲ್ಲ. ಈ ಇಡೀ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಬೇಸರ ತಂದದ್ದು ಇದು. ಹೊಲಿಗೆ ತಪ್ಪು, ನಿಜ, ಆದರೆ ಹೊಲಿಗೆ ಬಿಚ್ಚಬಹುದು. ಆರು ತಾಸು ವಾಪಸ್ ಬರುವುದಿಲ್ಲ. ಪಟ್ಜಾಕಿಸ್ ಮತ್ತು ಸಂಗಡಿಗರು 1974ರಲ್ಲೇ ತೋರಿಸಿದ್ದರು: ಆಂಟಿಬಯಾಟಿಕ್ ಇಲ್ಲದ ಗುಂಪಿನಲ್ಲಿ ಸೋಂಕು ನೂರಕ್ಕೆ 13.9, ಸೆಫಲೋಸ್ಪೊರಿನ್ ಬಗೆಯ ಆಂಟಿಬಯಾಟಿಕ್ ಕೊಟ್ಟವರಲ್ಲಿ 2.3. ಒಂದು ತಾಸಿನೊಳಗೆ ಮೊದಲ ಡೋಸ್ ಎನ್ನುವುದು ಈಗಿನ ನಿಯಮ. ಗೆಲ್ಲುವುದು ಸುಲಭವಿದ್ದ ತಾಸು ಚೀಟಿ ಬರೆಯುವುದರಲ್ಲಿ, ವ್ಯಾನ್ ಹುಡುಕುವುದರಲ್ಲಿ ಹೋಗಿತ್ತು. ಸೆಫಜೋಲಿನ್ 2 ಗ್ರಾಂ, ಜೆಂಟಾಮೈಸಿನ್, ಸಗಣಿ-ಮಣ್ಣಿನ ಕಾರಣಕ್ಕೆ ಪೆನಿಸಿಲಿನ್ ಸಹ ಕೊಟ್ಟೆವು. ಟಿಟಿ ಆಗಿತ್ತು, ಆದರೆ ಚಿಕ್ಕಂದಿನ ಲಸಿಕೆ ಯಾವುದೂ ಖಾತ್ರಿಯಿಲ್ಲದವನಿಗೆ, ಇಂಥ ಗಾಯಕ್ಕೆ, ಅದೊಂದೇ ಸಾಲದು. ಸಿದ್ಧ ಪ್ರತಿಕಾಯದ ಇಂಜೆಕ್ಷನ್, ಟೆಟನಸ್ ಇಮ್ಯುನೊಗ್ಲಾಬ್ಯುಲಿನ್, ಬೇರೆ ಜಾಗದಲ್ಲಿ ಚುಚ್ಚಿದೆವು.

ಗಾಯದ ಫೋಟೊ ಒಮ್ಮೆ ತೆಗೆದು, ಸಲೈನಿನಲ್ಲಿ ನೆನೆಸಿದ ಗಾಜ್ ಮುಚ್ಚಿ, ಮೇಲೆ ಪಾರದರ್ಶಕ ಹಾಳೆ ಅಂಟಿಸಿದೆವು. ಇನ್ನು ಆಪರೇಶನ್ ಥಿಯೇಟರ್‌ವರೆಗೆ ಯಾರೂ ಬಿಚ್ಚಕೂಡದು. ನೋಡಬೇಕೆನ್ನುವವರು ಫೋಟೊ ನೋಡಲಿ. ಪ್ರತಿ ರೌಂಡಿನಲ್ಲೂ ಒಬ್ಬೊಬ್ಬರು ಬಿಚ್ಚಿ ನೋಡುವ ಚಾಳಿಗೆ ಇದಕ್ಕಿಂತ ಅಗ್ಗದ ಮದ್ದಿಲ್ಲ. ಹೊಲದ ಕ್ರಿಮಿಗಿಂತ ವಾರ್ಡಿನ ಕ್ರಿಮಿ ಎಲುಬಿಗೆ ಹತ್ತುವುದೇ ಹೆಚ್ಚು, ಅದಕ್ಕೇ ಮೊದಲ ದಿನ ಗಾಯದ ಕಲ್ಚರ್ (ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆ) ಕಳಿಸಿದರೆ ಅದು ಮುಂದಿನ ಸೋಂಕನ್ನು ಹೇಳುವುದು ಕಡಿಮೆ.

ಆರು ತಾಸು ಮೀರಿತಲ್ಲ, ಇನ್ನು ಅವಸರ ಯಾಕೆ ಎಂದು ಅನೆಸ್ಥೀಶಿಯಾದವರು ಅರ್ಧ ತಮಾಷೆಯಾಗಿ ಕೇಳಿದರು. ಆರು ತಾಸಿನೊಳಗೆ ಗಾಯ ಕೊಯ್ದು ಚೊಕ್ಕ ಮಾಡಬೇಕೆಂಬ ಆ ಹಳೆಯ ಗೆರೆಯ ಮೂಲ 1898ರಲ್ಲಿ ಜರ್ಮನಿಯ ಫ್ರೆಡ್ರಿಚ್ ಗಿನಿ ಹಂದಿಗಳ ಮೇಲೆ ಮಾಡಿದ ಪ್ರಯೋಗ. ಆಂಟಿಬಯಾಟಿಕ್ ಇಲ್ಲದ ಕಾಲ ಅದು. ಇಂದಿನ ಬ್ರಿಟಿಷ್ ನಿಯಮ ಬೇರೆ: ಕೊಟ್ಟಿಗೆ, ಹೊಲ, ಗಟಾರದ ಕೊಳಕು ಸೇರಿದ್ದರೆ ತಕ್ಷಣ; ಕೊಳಕಿಲ್ಲದ, ಜೋರು ಪೆಟ್ಟಿನದಾದರೆ 12 ತಾಸಿನೊಳಗೆ; ಉಳಿದವು 24 ತಾಸಿನೊಳಗೆ. ಅರ್ಧರಾತ್ರಿಯಲ್ಲಿ ನಿದ್ದೆಗಣ್ಣಿನ ಜೂನಿಯರ್ ಮಾಡುವುದಕ್ಕಿಂತ ಬೆಳಿಗ್ಗೆ ಅನುಭವಿ ಕೈ ಮಾಡುವುದು ಲೇಸು ಎಂಬುದು ಇದರ ತಿರುಳು. ನಮ್ಮ ಹುಡುಗನದು ಮೊದಲ ಸಾಲಿಗೆ ಸೇರಿದ್ದು. ಒಂದೂವರೆಗೆ ಟೇಬಲ್ ಮೇಲಿದ್ದ. ಪ್ಲಾಸ್ಟಿಕ್ ಸರ್ಜನ್ ಅವರನ್ನೂ ಆಗಲೇ ಕರೆಸಿದ್ದೆ. ನಾಲ್ಕನೆಯ ದಿನ ‘ಚರ್ಮ ಮುಚ್ಚಿಕೊಡಿ’ ಎಂದು ಕರೆಯುವುದು ನಮ್ಮವರ ರೂಢಿ. ಅಷ್ಟರಲ್ಲಿ ನಾವು ಅವರಿಗೆ ಬೇಕಾದ ರಕ್ತನಾಳಗಳ ಮೇಲೆಯೇ ಕುಯ್ದು, ಅವರು ಫ್ಲ್ಯಾಪ್ (ಗಾಯ ಮುಚ್ಚಲು ರಕ್ತನಾಳದ ಸಮೇತ ಬಿಡಿಸುವ ಮಾಂಸ) ಎತ್ತಬೇಕಾದ ಜಾಗದಲ್ಲೇ ಸರಳು ಚುಚ್ಚಿರುತ್ತೇವೆ.

ಒಳಗೆ ಕಂಡದ್ದನ್ನು ನಿಧಾನವಾಗಿಯೇ ಹೇಳಬೇಕು. ನಾಲ್ಕು ಸೆಂಟಿಮೀಟರಿನ ಬಾಯಿಯನ್ನು ಟಿಬಿಯಾದ ಒಳಅಂಚಿನಿಂದ ಒಂದೂವರೆ ಸೆಂಟಿಮೀಟರ್ ಹಿಂದಿನ ಗೆರೆಗುಂಟ ಹಿಗ್ಗಿಸಿದೆವು. ಚರ್ಮಕ್ಕೆ ರಕ್ತ ತರುವ ಸಣ್ಣ ನಾಳಗಳು ಆ ಗೆರೆಯ ಹಿಂದೆ ಇರುತ್ತವೆ, ಅವನ್ನು ಉಳಿಸಲೆಂದು. ಚರ್ಮ 11 ಸೆಂಟಿಮೀಟರ್ ಉದ್ದ, 7 ಸೆಂಟಿಮೀಟರ್ ಅಗಲಕ್ಕೆ ಚೀಲದಂತೆ ಕಳಚಿಕೊಂಡಿತ್ತು. ಎಲುಬಿನ ಮೇಲ್ಪೊರೆ ಸುಲಿದು, ಟಿಬಿಯಾದ ಮುಂಭಾಗ ಸೊಪ್ಪು ಬಿಡಿಸಿದ ಕಬ್ಬಿನ ಹಾಗೆ ಬಿಳಿಯಾಗಿ ಬರಿದಾಗಿತ್ತು. ಮುಂದಿನ ಕೋಣೆಯ ಮಾಂಸ ಸ್ವಲ್ಪ ಜಜ್ಜಿತ್ತು. ಹಿಂದಿನ ಮೀನಖಂಡ ಪುಣ್ಯಕ್ಕೆ ಚೆನ್ನಾಗಿತ್ತು. ಅದು ಆಮೇಲೆ ಕೈಹಿಡಿಯಿತು.

ಮಾಂಸ ಬದುಕಿದೆಯೋ ಸತ್ತಿದೆಯೋ ಎನ್ನಲು ನಾಲ್ಕು ಗುರುತು: ಬಣ್ಣ, ಬಿಗುವು, ಚಿಮುಟದಿಂದ ಹಿಡಿದಾಗ ಮಿಡಿಯುವುದು, ಕತ್ತರಿಸಿದಲ್ಲಿ ರಕ್ತ ಜಿನುಗುವುದು. ಅದಕ್ಕೇ ತೊಡೆಗೆ ರಕ್ತ ತಡೆಯುವ ಪಟ್ಟಿ ಕಟ್ಟಿದ್ದರೂ ಬಿಗಿಸಿರಲಿಲ್ಲ. ಬಿಗಿಸಿದರೆ ನಾಲ್ಕನೆಯ ಗುರುತು ಹೋಯಿತು. ಇಲ್ಲಿ ಮೊದಲನೆಯದನ್ನು ಅರಿಶಿನ ಕೆಡಿಸಿತ್ತು. ಕೊಬ್ಬು ಹುಟ್ಟಾ ಹಳದಿ. ಸತ್ತ ಕೊಬ್ಬು, ಬದುಕಿದ ಕೊಬ್ಬು, ಸ್ನಾಯುವಿನ ಪೊರೆ ಎಲ್ಲಕ್ಕೂ ಒಂದೇ ಮದುವೆಯ ಬಣ್ಣ ಬಳಿದಂತಿತ್ತು. ಅಡುಗೆಮನೆಯಲ್ಲಿ ಬೆರಳು ಕೊಯ್ದುಕೊಂಡರೆ ನಾನೂ ಅರಿಶಿನ ಒತ್ತಿಯೇನು. ಎಲುಬು ಕಾಣುವ ಗಾಯಕ್ಕೆ ಅದು ತೊಳೆದರೂ ಹೋಗದ ಕಸ. ನನ್ನ ತೊಂಭತ್ತು ನಿಮಿಷಗಳಲ್ಲಿ ಮೂವತ್ತು ಬರೀ ಅದನ್ನು ಕೆರೆದು ತೆಗೆಯುವುದಕ್ಕೆ ಹೋದವು.

ಎಲುಬಿನ ಚೂರುಗಳಲ್ಲಿ ಒಂದು, ಸುಮಾರು ಮೂರು ಸೆಂಟಿಮೀಟರಿನದು, ಮೆಲ್ಲಗೆ ಎಳೆದೊಡನೆ ಕೈಗೆ ಬಂತು. ಅದಕ್ಕೆ ಮಾಂಸದ ನಂಟಿರಲಿಲ್ಲ. ನಂಟಿಲ್ಲದ ಎಲುಬಿಗೆ ರಕ್ತವಿಲ್ಲ, ರಕ್ತವಿಲ್ಲದ ಎಲುಬಿಗೆ ಔಷಧ ಮುಟ್ಟುವುದಿಲ್ಲ, ಕ್ರಿಮಿ ಮುಟ್ಟುತ್ತದೆ. ಎಸೆದೆವು. ಆಮೇಲೆ 9 ಲೀಟರ್ ಸಾದಾ ಸಲೈನ್, ಎತ್ತರಕ್ಕೆ ತೂಗುಹಾಕಿ ಕೊಳವೆಯಿಂದ ಹರಿಸಿದ್ದು. ಪಿಚಕಾರಿಯಂಥ ಯಂತ್ರವೂ ಇಲ್ಲ, ಸಾಬೂನಿನ ದ್ರಾವಣವೂ ಇಲ್ಲ. 2015ರ ಫ್ಲೋ ಅಧ್ಯಯನದಲ್ಲಿ ಎರಡೂವರೆ ಸಾವಿರದಷ್ಟು ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದರು: ಒತ್ತಡ ಹೆಚ್ಚಿದ್ದರಿಂದ ಲಾಭವಾಗಲಿಲ್ಲ, ಸಾಬೂನು ಬಳಸಿದವರಲ್ಲಿ ಮತ್ತೆ ಆಪರೇಶನ್ ಬೇಕಾದದ್ದು ನೂರಕ್ಕೆ 14.8, ಬರೀ ಸಲೈನ್ ಬಳಸಿದವರಲ್ಲಿ 11.6. ಬಡ ಆಸ್ಪತ್ರೆಗೂ ಸಿರಿವಂತ ಆಸ್ಪತ್ರೆಗೂ ಒಂದೇ ನೀರು ಸಾಕು ಎಂದು ಹೇಳುವ ಅಧ್ಯಯನಗಳು ಕಡಿಮೆ. ನನಗೆ ಅದರ ಮೇಲೆ ವಿಶೇಷ ಪ್ರೀತಿ.

ಕಾಲನ್ನು ಹೊರಗಿನ ಸರಳುಗಳಿಂದ ನೆಟ್ಟಗೆ ಹಿಡಿದು, ಗಾಯಕ್ಕೆ ಫೋಮ್ ಇಟ್ಟು, ಯಂತ್ರದಿಂದ ಗಾಯದ ನೀರು ಹೀರುವ ವ್ಯಾಕ್ಯೂಮ್ ಪಟ್ಟಿ ಹಾಕಿದೆವು. ಈಗ ಟೈಪ್ ಖಾತ್ರಿಯಾಯಿತು: 3ಬಿ. ಎಲುಬು ಬರಿದಾಗಿದೆ, ಇದ್ದ ಚರ್ಮದಿಂದ ಮುಚ್ಚಲಾಗದು.

ಕಾಲು ಉಳಿಸುವ ಪ್ರಯತ್ನ ಸರಿಯೇ ಎನ್ನಲು ಕೊಯಮತ್ತೂರಿನ ಗಂಗಾ ಆಸ್ಪತ್ರೆಯವರು 2006ರಲ್ಲಿ ಪ್ರಕಟಿಸಿದ ಅಂಕಪಟ್ಟಿಯನ್ನು ಬಳಸುತ್ತೇನೆ. ನಮ್ಮ ರಸ್ತೆ, ನಮ್ಮ ಗಾಯ ನೋಡಿ ಮಾಡಿದ್ದು ಅದು. ಚರ್ಮಕ್ಕೆ, ಎಲುಬಿಗೆ, ಸ್ನಾಯು-ನರಕ್ಕೆ ಬೇರೆಬೇರೆ 1ರಿಂದ 5 ಅಂಕ. ಕೊಳಕು, ತಡ, ಸಕ್ಕರೆ ಕಾಯಿಲೆ ಇತ್ಯಾದಿಗೆ ತಲಾ 2. ಒಟ್ಟು 14ರವರೆಗೆ ಉಳಿಸು, 17ರಿಂದ ಮೇಲೆ ತೆಗೆಯುವುದು ಲೇಸು, ನಡುವಿನ ಎರಡು ಅಂಕ ವಿವೇಕಕ್ಕೆ ಬಿಟ್ಟದ್ದು. ಇವನಿಗೆ ಚರ್ಮ 4, ಎಲುಬು 3, ಸ್ನಾಯು 1, ರಾಡಿಯ ಕೊಳಕಿಗೆ 2. ಒಟ್ಟು 10. ಎಲುಬಿಗಿಂತ ಚರ್ಮದ ಅಂಕ ಹೆಚ್ಚಿರುವುದನ್ನು ಜೂನಿಯರಿಗೆ ತೋರಿಸಿದೆ. ಆ ಎಕ್ಸ್‌ರೇಯಲ್ಲಿ ಆ ನಾಲ್ಕು ಅಂಕ ಎಲ್ಲೂ ಕಾಣುವುದಿಲ್ಲ.

ರಾತ್ರಿ ಸೋದರಮಾವ ಮತ್ತು ಅಣ್ಣ ಊರಿಂದ ಬಂದಿಳಿದರು. ಹಿರಿಯರು ಧೋತರದ ಮಡಿಕೆಯಲ್ಲಿ ದುಡ್ಡು ಕಟ್ಟಿಕೊಂಡೇ ಬಂದಿದ್ದರು, ಆದರೆ ಮನಸ್ಸು ಬೇರೆ ಇತ್ತು.

‘ಸಾಹೇಬ್ರ, ನಮ್ಮ ಕಡೆ ಎಲುಬು ಕೂಡಸಾಂವ ಒಬ್ಬ ಅದಾನ್ರಿ. ಎಣ್ಣಿ ಹಚ್ಚಿ, ಬಿದಿರಿನ ದಬ್ಬಿ ಕಟ್ಟತಾನ. ಸರಳ ಹಾಕಿರಲ್ಲ, ನೆಟ್ಟಗ ಕುಂತೈತಿ. ಇನ್ನ ನಾವು ಊರಿಗಿ ಒಯ್ತೀವ್ರಿ.’

‘ಕಾಕಾ, ಎಲುಬು ಕೂಡೂದು ಆಮ್ಯಾಲಿನ ಮಾತು. ಎಲುಬಿನ ಮ್ಯಾಲ ಹೊದಿಕಿ ಇಲ್ಲ.’

ಫೋಟೊ ತೋರಿಸಿದೆ. ಬಹಳ ಹೊತ್ತು ನೋಡಿದರು. ಎಲುಬಿಗೆ ರಕ್ತ ಒಳಗಿನ ನಾಳದಿಂದ ಬರುತ್ತದೆ, ಮುರಿದಾಗ ಅದು ತುಂಡಾಗುತ್ತದೆ, ಆಗ ಸುತ್ತಲಿನ ಮಾಂಸವೇ ಅದನ್ನು ಸಾಕಬೇಕು ಎಂದು ನಾನು ವಿವರಿಸಲು ಹೊರಟಿದ್ದೆ. ಅವರೇ ನಡುವೆ ಬಾಯಿ ಹಾಕಿದರು: ‘ಅಂದ್ರ ಹೊಳಿ ಬಂದು ಹೊಲದ ಮ್ಯಾಲಿನ ಮಣ್ಣು ಕೊಚ್ಚಿಕೊಂಡು ಹೋದಂಗ ಆತು. ಅಡಿಗಲ್ಲಿನ ಮ್ಯಾಲ ಏನ್ ಬಿತ್ತಿದ್ರೂ ಹುಟ್ಟೂದಿಲ್ಲ.’ ಭೀಮಾ ದಂಡೆಯ ರೈತ. ನನ್ನ ಚಿತ್ರ, ಬಾಣದ ಗುರುತು ಎಲ್ಲ ಮಡಚಿ ಕಿಸೆಗೆ ಹಾಕಿಕೊಂಡೆ. ಅಂದಿನಿಂದ ಬೇರೆ ರೋಗಿಗಳಿಗೂ ಈ ಮಾತನ್ನೇ ಹೇಳುತ್ತೇನೆ, ಅವರದೆಂದು ಹೇಳಿಯೇ.

ಗುರುವಾರ ಬೆಳಿಗ್ಗೆ ಎರಡನೆಯ ಸಲ ತೆರೆದು ನೋಡಿದಾಗ ನನ್ನ ತಪ್ಪು ನನಗೆ ಕಂಡಿತು. ಮಂಗಳವಾರ ಮೇಲಂಚಿನ ಎರಡು ಸೆಂಟಿಮೀಟರ್ ಚರ್ಮವನ್ನು ‘ಬದುಕಿದರೂ ಬದುಕೀತು’ ಎಂದು ಬಿಟ್ಟಿದ್ದೆ. ಅಂಚು ತೇವವಿತ್ತು, ರಕ್ತ ಜಿನುಗಿರಲಿಲ್ಲ. ಚರ್ಮದ ಮೇಲಿನ ಮಮಕಾರ ಅಷ್ಟೇ. ಈಗ ಅದು ಕಪ್ಪಾಗಿತ್ತು. ಕತ್ತರಿಸಿ, ಮತ್ತೆ ತೊಳೆದೆವು. ಉಳಿದದ್ದೆಲ್ಲ ಕೆಂಪಗೆ, ಚೊಕ್ಕವಾಗಿತ್ತು.

ಅಂದೇ ಮುಚ್ಚಬಹುದಿತ್ತು. ಥಿಯೇಟರ್ ಸಿಗಲಿಲ್ಲ. ‘ವ್ಯಾಕ್ಯೂಮ್ ಇದೆಯಲ್ಲ, ಸೋಮವಾರ ನೋಡೋಣ’ ಎಂಬ ಮಾತು ಬಂತು. ಈ ಯಂತ್ರ ಮಾಡಿರುವ ದೊಡ್ಡ ಹಾನಿ ಇದೇ ಎಂದು ನನ್ನ ಅನಿಸಿಕೆ: ಗಾಯ ಕಣ್ಣಿಗೆ ಬೀಳದಂತೆ ಮಾಡಿ ಸರ್ಜನ್ನರಿಗೆ ಸಮಾಧಾನ ತರುತ್ತದೆ. 2018ರ ಒಂದು ಬ್ರಿಟಿಷ್ ಅಧ್ಯಯನದಲ್ಲಿ 460 ರೋಗಿಗಳಲ್ಲಿ ಅರ್ಧ ಜನಕ್ಕೆ ವ್ಯಾಕ್ಯೂಮ್, ಅರ್ಧ ಜನಕ್ಕೆ ಮಾಮೂಲಿ ಪಟ್ಟಿ ಹಾಕಿದರು. ವರ್ಷದ ನಂತರ ಕಾಲಿನ ಸ್ಥಿತಿಯಲ್ಲಿ ಫರಕಿರಲಿಲ್ಲ. ಸ್ಲೊವೇನಿಯಾದ ಮಾರ್ಕೊ ಗೊಡಿನಾ ಅವರ 1986ರ ಲೆಕ್ಕವನ್ನು ಅಂದು ಥಿಯೇಟರ್ ಇನ್‌ಚಾರ್ಜ್ ಮುಂದೆ ಬಾಯಿಪಾಠ ಒಪ್ಪಿಸಿದೆ. 532 ರೋಗಿಗಳು, 72 ತಾಸಿನೊಳಗೆ ಮುಚ್ಚಿದಲ್ಲಿ ಫ್ಲ್ಯಾಪ್ ಸತ್ತದ್ದು ನೂರಕ್ಕೆ 0.75, ಸೋಂಕು 1.5, ಅದರ ನಂತರ ಮೂರು ತಿಂಗಳೊಳಗೆ ಮುಚ್ಚಿದಲ್ಲಿ ಸತ್ತದ್ದು 12, ಸೋಂಕು 17.5. ಒಬ್ಬ ಅಸಾಮಾನ್ಯ ಕೈಗಾರನ ಲೆಕ್ಕ ಅದು, ನಮ್ಮದಲ್ಲ, ಒಪ್ಪಿದೆ. ಆದರೂ ಶುಕ್ರವಾರ ಬೆಳಿಗ್ಗೆ ಎಂಟರ ಮೊದಲ ಜಾಗ ಸಿಕ್ಕಿತು. ಪೆಟ್ಟಾಗಿ 75 ತಾಸು.

ಶುಕ್ರವಾರದ ಕೆಲಸ ಎರಡು ಭಾಗದ್ದು. ಹೊರಗಿನ ಸರಳು ತೆಗೆದು ಎಲುಬಿನೊಳಗೆ ರಾಡ್ ಹಾಕುವುದು ನಮ್ಮ ಪಾಲು. ಒಳಗೆ ಲೋಹ ಇಟ್ಟ ದಿನವೇ ಮೇಲೆ ಮಾಂಸ ಮುಚ್ಚಬೇಕು; ಲೋಹ ಇಟ್ಟು ಗಾಯ ತೆರೆದಿಟ್ಟರೆ ಕ್ರಿಮಿಗೆ ಮನೆ ಕಟ್ಟಿಸಿಕೊಟ್ಟಂತೆ. ಎರಡನೆಯದು ಪ್ಲಾಸ್ಟಿಕ್ ಸರ್ಜನ್ ಪಾಲು. ಕಣಕಾಲನ್ನು ಮೂರು ಪಾಲು ಮಾಡಿದರೆ ಮೇಲಿನದಕ್ಕೆ ಗ್ಯಾಸ್ಟ್ರೋಕ್ನೀಮಿಯಸ್, ನಡುವಿನದಕ್ಕೆ ಸೋಲಿಯಸ್ ಎಂಬ ಮೀನಖಂಡದ ಸ್ನಾಯುಗಳು ಸಿಗುತ್ತವೆ. ಕೆಳಗಿನದಕ್ಕೆ ಸಾಮಾನ್ಯವಾಗಿ ತೊಡೆಯಿಂದಲೋ ಬೆನ್ನಿನಿಂದಲೋ ತಂದು ಸೂಕ್ಷ್ಮದರ್ಶಕದಡಿ ರಕ್ತನಾಳ ಜೋಡಿಸಬೇಕು. ಇವನ ಪೆಟ್ಟು ನಡುಪಾಲಿನಲ್ಲಿ, ಮುಂಭಾಗದಿಂದ. ಹಿಂದಿನ ಸೋಲಿಯಸ್ ಜಜ್ಜಿರಲಿಲ್ಲ. ಅದರ ಒಳಗಿನ ಅರ್ಧವನ್ನು ರಕ್ತನಾಳದ ಸಮೇತ ಬಿಡಿಸಿ, ಪುಸ್ತಕದ ಹಾಳೆ ತಿರುವಿದಂತೆ ಮುಂದಕ್ಕೆ ತಿರುವಿ ಎಲುಬಿಗೆ ಹೊದಿಸಿದರು. ಮೇಲೆ ತೊಡೆಯಿಂದ ತೆಗೆದ ತೆಳು ಚರ್ಮ. ನಾಲ್ಕೂವರೆ ತಾಸು ಹಿಡಿಯಿತು.

ಆ ದಿನದ ಡೋಸಿನ ನಂತರ ಆಂಟಿಬಯಾಟಿಕ್ ನಿಲ್ಲಿಸಿದೆವು. ವಾರ್ಡಿನಲ್ಲಿ ಇದಕ್ಕೇ ಹೆಚ್ಚು ಗಲಾಟೆ. ಇಷ್ಟು ದೊಡ್ಡ ಗಾಯಕ್ಕೆ ಹದಿನೈದು ದಿನ ಇಂಜೆಕ್ಷನ್ ಬೇಡವೇ ಎಂದು ಸಿಸ್ಟರ್ ಕೇಳಿದರು. ಮೊದಲ ತಾಸಿನಲ್ಲಿ ಕೊಡದ ಡೋಸನ್ನು ಹತ್ತನೆಯ ದಿನ ಕೊಟ್ಟು ತುಂಬಿಸಲಾಗುವುದಿಲ್ಲ.

ಎರಡನೆಯ ದಿನ ಫ್ಲ್ಯಾಪಿನ ಕೆಳತುದಿ ಕಂದಿತು. ಪಟ್ಟಿ ಬಿಗಿಯಿರಲಿಲ್ಲ, ಕಾಲು ಎತ್ತರದಲ್ಲೇ ಇತ್ತು. ಅಣ್ಣ ಮೆಲ್ಲಗೆ ನಕ್ಕದ್ದರಿಂದ ಗೊತ್ತಾಯಿತು: ಹುಡುಗ ದಿಂಬಿನ ಕೆಳಗೆ ತಂಬಾಕು-ಸುಣ್ಣ ಇಟ್ಟುಕೊಂಡಿದ್ದ. ಸಿಗರೇಟು ಬೇಡ ಎಂದು ನಾವು ಹೇಳಿದ್ದೆವು. ಅವನು ಸೇದುವುದೇ ಇಲ್ಲ, ಹಾಗಾಗಿ ‘ಹೂಂ’ ಎಂದಿದ್ದ. ನಿಕೋಟಿನ್ ಹೊಗೆಯಲ್ಲಿ ಬಂದರೂ ದವಡೆಯಲ್ಲಿ ಕರಗಿದರೂ ಸಣ್ಣ ರಕ್ತನಾಳ ಬಿಗಿಯುವುದು ಒಂದೇ ತರ. ಕೇಳುವ ಪ್ರಶ್ನೆ ನಮ್ಮದು ತಪ್ಪಿತ್ತು. ಅದಕ್ಕೂ ಕಂದಿದ್ದಕ್ಕೂ ನಂಟಿತ್ತೋ ಏನೋ, ಅಂತೂ ರೂಪಾಯಿ ನಾಣ್ಯದಗಲದ ಚರ್ಮ ಅಂಟದೆ ಹೋಯಿತು. ಪಟ್ಟಿ ಕಟ್ಟುತ್ತ ಐದು ವಾರದಲ್ಲಿ ತಾನೇ ಮುಚ್ಚಿಕೊಂಡಿತು.

ಎಲುಬು ನಿಧಾನಿಸಿತು. ನಾಲ್ಕು ತಿಂಗಳಿಗೆ ರಾಡಿನ ಒಂದು ಸ್ಕ್ರೂ ತೆಗೆದು ನಡಿಗೆಯ ಭಾರ ಎಲುಬಿನ ಮೇಲೇ ಬೀಳುವಂತೆ ಮಾಡಿದೆವು. ಒಂಭತ್ತನೆಯ ತಿಂಗಳಿಗೆ ಎಕ್ಸ್‌ರೇಯಲ್ಲಿ ಎಲುಬಿನ ನಾಲ್ಕು ಬದಿಗಳಲ್ಲಿ ಮೂರು ಕೂಡಿದ್ದವು. ಕೀವಿಲ್ಲ. ಪಾದದ ಕೀಲು ಮೇಲಕ್ಕೆ ಮಡಚುವುದು ಬಲಗಾಲಿಗಿಂತ ಕಡಿಮೆ, ಕುಕ್ಕರಗಾಲಲ್ಲಿ ಕೂಡಲು ಆಗುವುದಿಲ್ಲ. ಚೀಲ ಹೊರುವ ಕೆಲಸ ಮುಗಿಯಿತು. ಅದೇ ಅಡತಿಯಲ್ಲಿ ಚೀಲ ಎಣಿಸಿ ಬರೆದುಕೊಳ್ಳುವ ಕೆಲಸ ಸಿಕ್ಕಿದೆ, ಪಗಾರ ಮೊದಲಿಗಿಂತ ಕಡಿಮೆ.

ನರ್ಸಿಂಗ್ ಹೋಮಿನ ಡಾಕ್ಟರಿಗೆ ನಾನು ಆ ವಾರವೇ ಫೋನ್ ಮಾಡಿದ್ದೆ. ಜಗಳಕ್ಕಲ್ಲ. ಬೆಳಗಿನ ಐದೂಮುಕ್ಕಾಲಿಗೆ ಒಬ್ಬರೇ ಇದ್ದವರು, ರಕ್ತ ನೋಡಿ ಹೆದರಿದ ಹತ್ತು ಜನ ಹಮಾಲರು ಸುತ್ತ. ‘ತೆರೆದ ಗಾಯ ಹಾಗೇ ಕಳಿಸಿದರೆ ಏನೂ ಮಾಡಲಿಲ್ಲ ಅಂತಾರೆ ಸರ್. ಹೊಲಿಗೆ ಹಾಕಿದರೆ ಚಿಕಿತ್ಸೆ ಮಾಡಿದಂತೆ ಕಾಣುತ್ತೆ’ ಎಂದರು. ಆ ಮಾತಿನಲ್ಲಿ ಸುಳ್ಳೇನಿಲ್ಲ. ಕಣ್ಣಿಗೆ ಕಾಣುವ ಕಸ ಕೈಯಿಂದ ತೆಗೆಯಿರಿ, ಫೋಟೊ ಹೊಡೆಯಿರಿ, ಸಲೈನ್ ಗಾಜ್ ಮುಚ್ಚಿ, ಸ್ಪ್ಲಿಂಟ್ ಕಟ್ಟಿ, ಸೆಫಜೋಲಿನ್ ಚುಚ್ಚಿ, ಚುಚ್ಚಿದ ಹೊತ್ತನ್ನು ಚೀಟಿಯಲ್ಲಿ ದೊಡ್ಡದಾಗಿ ಬರೆಯಿರಿ. ಜನ ಆ ಹೊತ್ತನ್ನು ನೋಡಿ ನಂಬುತ್ತಾರೆ ಎಂದೆ. ಬರೆದುಕೊಂಡರು. ಸೆಫಜೋಲಿನ್ ತಮ್ಮ ಕಪಾಟಿನಲ್ಲಿಲ್ಲ, ಸೆಫ್ಟ್ರಿಯಾಕ್ಸೋನ್ ಇದೆ, ನಡೆಯುತ್ತದೆಯೇ ಎಂದು ಕೇಳಿದರು. ಇದ್ದದ್ದನ್ನು ಮೊದಲ ತಾಸಿನಲ್ಲಿ ಕೊಡಿ ಎಂದೆ.

ಹೋದ ತಿಂಗಳು ಹುಡುಗ ತೋರಿಸಲು ಬಂದಿದ್ದ, ಹದಿನಾಲ್ಕನೆಯ ತಿಂಗಳು. ಅವನ ತಕರಾರು ಎಲುಬಿನದಲ್ಲ. ಕಣಕಾಲಿನ ಮುಂದೆ ಉಬ್ಬಿಕೊಂಡಿರುವ ಫ್ಲ್ಯಾಪ್ ಪ್ಯಾಂಟಿಗೆ ತಾಗುತ್ತದಂತೆ. ಕೆಲಸವಿಲ್ಲದ ಸ್ನಾಯು ಕಾಲ ಕಳೆದಂತೆ ಸೊರಗುತ್ತದೆ. ಆರು ತಿಂಗಳ ಹಿಂದಿನ ಫೋಟೊ ಪಕ್ಕಕ್ಕಿಟ್ಟು ಎಷ್ಟು ಇಳಿದಿದೆಯೆಂದು ತೋರಿಸಿದೆ. ಪ್ಲಾಸ್ಟಿಕ್ ಸರ್ಜನ್ ಇನ್ನೊಂದು ವರ್ಷ ಕಾಯಲು ಹೇಳಿದರು. ರಾಡ್ ತೆಗೆಯಬೇಕೇ ಎಂದು ಮಾವ ಫೋನಿನಲ್ಲಿ ಕೇಳಿದರು. ಸದ್ಯಕ್ಕೆ ಬೇಡ ಎಂದೆ. ದೀಪಾವಳಿ ದಾಟಿ ಮತ್ತೆ ಬಾ ಎಂದು ಚೀಟಿಯಲ್ಲಿ ಬರೆದುಕೊಟ್ಟೆ.